ಯಾವುದು ಚೆನ್ನಾಗಿ ಉರಿಯುತ್ತೆ

ಅಳತೆ ತೆಗೆಯಲು ಲಮಾರಾಳ ಮನೆಗೆ ಹೋದೆ.
ತ್ಬಿಲಿಸಿಯ ಹಳೆಯ ಬೀದಿ, ಮೂರನೆಯ ಮಹಡಿ,
ಒಂದೊಂದು ಮೆಟ್ಟಿಲೂ ಒಂದೊಂದು ಕಡೆಗೆ ವಾಲಿದೆ.
ಮೊಣಕಾಲು ಹಿಡಿದು ನಿಂತರೆ ಎದುರಿಗೆ
ನನ್ನದೇ ಕೈಯ ಬೆಸುಗೆ.

ಮೂವತ್ತು ವರ್ಷದ ಮೇಲೂ ಗುರುತು ಸಿಕ್ಕಿತು:
ಬಲಗಡೆ ಮೇಲ್ಮೂಲೆಯಲ್ಲಿ ಗೆರೆ ಸೊಟ್ಟಗಿದೆ.
ಅರ್ಧಕ್ಕೆ ಕರೆಂಟು ಹೋಗಿ
ಮೂರನೆಯ ದಿನ ನಡುರಾತ್ರಿ ಬಂದಾಗ
ನಿದ್ದೆಗಣ್ಣಲ್ಲೇ ಓಡಿಬಂದು ಮುಗಿಸಿದ್ದೆ.

ಆ ವರ್ಷ ಊರಿಗೆ ಊರೇ ಕಬ್ಬಿಣ ಹೊದ್ದಿತ್ತು.
ಬೀದಿಯಲ್ಲಿ ಬಂದೂಕು, ಅಂಗಡಿಯಲ್ಲಿ ಬರಿಯ ಕಪಾಟು,
ಕೈತುಂಬ ಕೆಲಸವಿದ್ದದ್ದು ನನಗೆ,
ಮತ್ತೆ ಗೋರಿ ತೋಡುವವನಿಗೆ.
ಟ್ರಾಲಿಬಸ್ಸಿನ ಚಾವಣಿ, ನೀರಿನ ಟ್ಯಾಂಕು, ಗ್ಯಾರೇಜಿನ ಪಕ್ಕೆ,
ಸಿಕ್ಕ ತಗಡನ್ನೆಲ್ಲ ಕತ್ತರಿಸಿ ಬಾಗಿಲೆಂದೆ.
ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು
ಅಂತ ಹಂಗಿಸಿದವರೂ
ಹಂಗಿಸಿ ಮುಗಿಸಿ ಸಾಲಿನಲ್ಲಿ ನಿಂತರು.

ಈಗ ಚೀಲದ ತುಂಬ ನಮೂನೆ.
ಅವಳ ಅಡುಗೆಮೇಜಿನ ಮೇಲೆ ಇಸ್ಪೀಟಿನಂತೆ ಹರಡಿದೆ.
ಇದು ಫೈಬರ್ ಗ್ಲಾಸು, ಮಳೆಗೆ ಉಬ್ಬದು, ಬಿಸಿಲಿಗೆ ಬಿರಿಯದು,
ಮರದ ಗೆರೆಗಳನ್ನು ಅಚ್ಚೊತ್ತಿದ್ದಾರೆ,
ಬೆರಳಾಡಿಸಿದರೆ ಮಾತ್ರ ಸುಳ್ಳು ಗೊತ್ತಾಗುತ್ತದೆ.
ಇದು ಟರ್ಕಿಯ ಉಕ್ಕು, ಹೊಟ್ಟೆಯೊಳಗೆ ನೊರೆ,
ಬೀಗ ತಿರುವಿದರೆ ನಾಲ್ಕು ಕಡೆಗೂ ನಾಲಗೆ ಚಾಚುತ್ತದೆ.
ಇದು ಓಕ್.
ಇದು ಪಶ್ಚಿಮದ ಬೆಟ್ಟದ ಚೆಸ್ಟ್‌ನಟ್, ತುಟ್ಟಿ,
ಹುಳು ಮೂಸುವುದಿಲ್ಲ, ವರ್ಷಕ್ಕೊಮ್ಮೆ ಎಣ್ಣೆ ಕೇಳುತ್ತದೆ,
ಚಳಿಗೆ ಕುಗ್ಗಿದರೆ ಸಂದಿಯಲ್ಲಿ ಗಾಳಿ ಶಿಳ್ಳೆ ಹಾಕುತ್ತದೆ.

ಲಮಾರಾ ಕನ್ನಡಕ ಹಣೆಗೇರಿಸಿ
ಒಂದೊಂದನ್ನೂ ಮೂಸಿದಳು.
ಬೆಲೆ ಕೇಳಲಿಲ್ಲ. ಬಣ್ಣ ಕೇಳಲಿಲ್ಲ.
“ಜುಂಬೆರ್, ಇದರಲ್ಲಿ ಯಾವುದು ಚೆನ್ನಾಗಿ ಉರಿಯುತ್ತೆ?”

ನಕ್ಕೆ. ಅವಳು ನಗಲಿಲ್ಲ.

“ನೀನು ಕಬ್ಬಿಣ ಕೂರಿಸಿ ಹೋದೆಯಲ್ಲ ಅವತ್ತು,
ಹಳೆಯ ಕದ ಗೋಡೆಗೆ ಒರಗಿಕೊಂಡೇ ಇತ್ತು.
ಮಾವನ ಕಾಲದ್ದು, ದಪ್ಪ ಹಲಗೆ, ಹಿತ್ತಾಳೆಯ ಹಿಡಿ.
ಜನವರಿಯಲ್ಲಿ ನೆಲದ ಹಲಗೆಯೂ ಮುಗಿಯಿತು,
ಮಗುವಿಗೆ ಜ್ವರ, ಇರೊದಿಯನ್ ಕೊಡಲಿ ತಂದ.
ನಾಲ್ಕು ರಾತ್ರಿ ಉರಿಯಿತು ನೋಡು.
ಮೊದಲು ಕಂದು ಬಣ್ಣ ಸುಲಿಯಿತು, ಆಮೇಲೆ ಹಸಿರು,
ಆಮೇಲೆ ನಾನು ಈ ಮನೆಗೆ ಬಂದ ವರ್ಷದ ನೀಲಿ.
ಬೂದಿಯಲ್ಲಿ ಅಗುಳಿಯ ಮೊಳೆ ಉಳಿದಿತ್ತು.”
ಡ್ರಾಯರ್ ಎಳೆದು ತೋರಿಸಿದಳು, ಚಮಚಗಳ ನಡುವೆ.

“ನಿನ್ನ ಬಾಗಿಲು ಕಳ್ಳರನ್ನು ತಡೆಯಿತು, ಇಲ್ಲವೆನ್ನೆ.
ಒಮ್ಮೆ ಒದ್ದರು, ಗುಳಿ ಇದೆ, ಸೊಂಟದೆತ್ತರಕ್ಕೆ.
ನಾವು ಒಳಗಿನಿಂದ ಬೆನ್ನು ಕೊಟ್ಟು ಕೂತಿದ್ದೆವು.
ಬೆನ್ನು ಮರಗಟ್ಟಿತು,
ಬಾಗಿಲು ಮಾತ್ರ ಮರವಾಗಲಿಲ್ಲ.”

ಬೆಂಕಿಗೆ ಎಷ್ಟು ಹೊತ್ತು ತಡೆದೀತು ಅಂತ
ಕೇಳಿದ ಗಿರಾಕಿಗಳಿದ್ದಾರೆ. ಹೀಗೆ ಕೇಳಿದವಳು ಇವಳೊಬ್ಬಳೇ.
ಆದರೂ ವ್ಯಾಪಾರಿ, ಗೊತ್ತಿದ್ದದ್ದು ಹೇಳಿದೆ:
ಫೈಬರ್ ನಾರುತ್ತದೆ ಅಷ್ಟೆ.
ಚೆಸ್ಟ್‌ನಟ್ ಚಟಪಟ ಸಿಡಿದು ಕಿಡಿ ಹಾರಿಸುತ್ತದೆ, ಹಾಸಿಗೆ ಜೋಪಾನ.
ಓಕ್ ಹತ್ತಿಕೊಳ್ಳುವುದು ತಡ,
ಹತ್ತಿಕೊಂಡರೆ ಬೆಳಗಿನವರೆಗೆ ಬಿಡುವುದಿಲ್ಲ.

“ಹಾಗಾದರೆ ಓಕ್.”
“ಎಣ್ಣೆ ಹಚ್ಚಲೇ?”
“ಹಚ್ಚು, ಹಚ್ಚು. ಅದಕ್ಕೂ ಒಳ್ಳೆಯದೇ.”

ಮಂಗಳವಾರ ತಿರುಗಣಿ ಕೊಯ್ದು ಹಳೆಯದನ್ನು ಇಳಿಸಿದೆವು.
ಹೊಸದು ಬರುವುದು ಮರುದಿನ.
ಪ್ಲಾಸ್ಟಿಕ್ ಹಾಳೆ ಹೊಡೆಯಲೇ ಅಂದೆ, ಬೇಡವೆಂದಳು.
ಹೊಸ್ತಿಲಲ್ಲೇ ಕುರ್ಚಿ ಹಾಕಿ ಕೂತಳು, ಮಡಿಲಲ್ಲಿ ಬೀನ್ಸ್ ತಟ್ಟೆ.
ಕೆಳಗಿನ ಮನೆಯ ಈರುಳ್ಳಿ ಘಮ ನೇರ ಒಳಗೆ ನುಗ್ಗಿತು,
ಹಿಂದೆಯೇ ಯಾರದೋ ಬೆಕ್ಕು.

ಕಬ್ಬಿಣ ಇಳಿಸಲು ನಾಲ್ಕು ಜನ ಬೇಕಾಯಿತು.
ಗುಜರಿಯವನು ತೂಗಿದ: ಎಂಬತ್ತಾರು ಕಿಲೋ.
ಆಗ ಅದನ್ನು ನಾನೊಬ್ಬನೇ ಬೆನ್ನಿಗೆ ಕಟ್ಟಿ
ಕತ್ತಲಲ್ಲಿ ಮೂರು ಮಹಡಿ ಹತ್ತಿದ್ದೆ.
ಹೇಗೆಂದು ಈಗ ನೆನಪಾಗುವುದಿಲ್ಲ.